ಹೂದಾನಿಯೂ ಮಹಾದಾನಿಯೂ

ಬ್ರಿಟಿಷರು ಈ ದೇಶದಿಂದ ಏನೇನು ಹೊತ್ತುಕೊಂಡು ಹೋದರು ಎಂಬುದನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಏನೇನು ಮರೆತು ಬಿಟ್ಟುಹೋದರು ಎಂದು ಯಾರಾದರೂ ಯೋಚಿಸಿದ್ದಾರೆಯೇ? ನಾನು ಯೋಚಿಸಿದೆ! ಯೋಚಿಸಿ, ಒಂದು ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, ಹೆಂಡತಿಯ ಮುಂದೆ ಘೋಷಣೆ ಹೊರಡಿಸಿದೆ.

"ಭಾಗ್ಯಾ, ಇಂಗ್ಲಿಷ್ ದೊರೆಗಳು ಬಿಟ್ಟು ಹೋದ ಹೂದಾನಿ ಎಲ್ಲೆಲ್ಲಿ ಅದಾವೋ, ಅವನ್ನೆಲ್ಲ ಹುಡುಕಿ ತಂದು ನಮ್ಮ ಶೋಕೇಸಿನಾಗೆ ನಿಲ್ಲಿಸ್ತೀನಿ. ನೋಡಾಕೆ ಅಂತ ಜನ ದಾವಣಗೆರೆ ಎಂ.ಸಿ.ಸಿ. ಬಿ ಬ್ಲಾಕ್ ಹುಡುಕ್ಕೊಂಡು ಬರಬೇಕು, ಹಂಗೆ!"

ಭಾಗ್ಯಲಕ್ಷ್ಮಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಮಕ್ಕಳ ಉತ್ತರ ಪತ್ರಿಕೆಯಿಂದ ತಲೆಯನ್ನೇ ಎತ್ತಲಿಲ್ಲ.

"ಮೊದಲು ಶೋಕೇಸಿನಾಗಿರೋ ನಿಮ್ಮ ಹಳೇ ಹೆಲ್ಮೆಟ್ ತೆಗೀರಿ" ಎಂದಳು.

ಇಷ್ಟಕ್ಕೂ ನನ್ನದು ಬರೀ ಹುಮ್ಮಸ್ಸಲ್ಲ, ಅರ್ಹತೆಯೂ ಇದೆ. ಕರೂರು ಕೈಗಾರಿಕಾ ಪ್ರದೇಶದ ಪಂಪ್ ಬಿಡಿಭಾಗಗಳ ಕಾರ್ಖಾನೆಯೊಂದರಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಕೂದಲೆಳೆಯಷ್ಟು ಬಿರುಕಿದ್ದರೂ ಕಂಡುಹಿಡಿದು ಮಾಲನ್ನು ವಾಪಸ್ ಕಳಿಸುವುದು ನನ್ನ ಉದ್ಯೋಗ. ಮಾಲತೇಶನ ಕಣ್ಣು ತಪ್ಪಿಸಿ ಒಂದು ವಾಷರ್ ಕೂಡ ಹೊರಗೆ ಹೋಗುವುದಿಲ್ಲ ಎಂದು ಮಾಲೀಕರೇ ಹೇಳಿದ್ದಾರೆ. ಅಂಥ ಕಣ್ಣಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ಬಿತ್ತು. ಇಂಗ್ಲೆಂಡಿನ ಅಜ್ಜಿಯೊಬ್ಬಳು ಕೊಡೆ ಇಡಲು ಬಳಸುತ್ತಿದ್ದ ಹಳೆಯ ಹೂದಾನಿ ಹರಾಜಿನಲ್ಲಿ ಮನೆ ಕಟ್ಟುವಷ್ಟು ಬೆಲೆಗೆ ಹೋಗಿತ್ತು! ಅಲ್ಲಿಂದ ನನ್ನ ನಿದ್ದೆ ಹಾರಿತು.

ನೂರು ವರ್ಷಗಳ ಹಿಂದೆ ಅಲ್ಲಿಯ ಕಲಾವಿದರು ಒಂದೊಂದೇ ಹೂದಾನಿಗೆ ಕೈಯಿಂದ ಚಿತ್ರ ಬರೆದು, ಬಣ್ಣ ತುಂಬಿ, ಸುಡುತ್ತಿದ್ದರಂತೆ. ಕೋನಿನಲ್ಲಿ ಮೆಹಂದಿ ಹಾಕುವ ಹಾಗೆ ಹಸಿ ಮಣ್ಣಿನ ಗೆರೆ ಎಳೆದು, ಗೆರೆಗಳ ನಡುವೆ ಬಣ್ಣ ನಿಲ್ಲಿಸುವುದು ಒಂದು ವಿದ್ಯೆ. ಮಾಡಿದವರ ಮುದ್ರೆಯೋ ಸಹಿಯೋ ತಳದಲ್ಲಿರುತ್ತದೆ. ಇದನ್ನೆಲ್ಲ ಓದಿ, ಮಂಡಿಪೇಟೆಯ ಸಂದಿಯಲ್ಲಿ ಹಳೇ ಸಾಮಾನಿನ ಅಂಗಡಿ ಇಟ್ಟಿರುವ ಮಸ್ತಾನಸಾಬರ ಹತ್ತಿರ ಒಂದು ಕಂದು ಬಣ್ಣದ ಹೂದಾನಿ ಕೊಂಡೆ. ಅದಕ್ಕೊಂದು ಜೊತೆ ಬೇಕೆನ್ನಿಸಿತು. ಜೊತೆಗೆ ಇನ್ನೊಂದು ಜೊತೆ ಬೇಕೆನ್ನಿಸಿತು. ಹೆಲ್ಮೆಟ್ಟು ಹೊರಗೆ ಬಂತು, ಶೋಕೇಸು ತುಂಬಿತು.

ಭಾಗ್ಯಳ ತನಿಖೆಯೂ ಶುರುವಾಯಿತು.

"ಇದರ ಮೈತುಂಬ ಬಿರುಕು ಐತಲ್ರೀ!"

"ಅದು ಹಳೇ ಹೊಳಪಿನ ಲಕ್ಷಣ. ಆ ಬಿರುಕಿಗೇ ಬೆಲೆ!"

"ಇದು ಸೊಟ್ಟಗೈತೆ."

"ಕೈಯಿಂದ ಮಾಡಿದ್ದು. ಆ ಸೊಟ್ಟಕ್ಕೇ ಬೆಲೆ!"

"ಇಲ್ಲಿ ಕಲೆ ಬಿದ್ದೈತೆ."

"ಅಯ್ಯೋ ಮಾರಾಯ್ತಿ, ಅದು ಕಲೆ ಅಲ್ಲ, ಕಲೆ!"

"ಫ್ಯಾಕ್ಟ್ರಿನಾಗೆ ಬಿರುಕಿದ್ದ ಮಾಲು ಎಸೀತೀರಿ, ಮನಿಗೆ ಬಂದು ಬಿರುಕಿದ್ದ ಮಾಲಿಗೆ ದುಡ್ಡು ಕೊಡ್ತೀರಿ. ಯಾವ ಲೆಕ್ಕಾನೋ ನಂಗಂತೂ ತಿಳೀವಲ್ದು" ಎಂದು ಆಕೆ ಕೈ ಬಿಟ್ಟಳು. ಅಲ್ಲಿಂದ ಮುಂದೆ ನಾನು ಹೂದಾನಿಯ ಬಗ್ಗೆ ಏನು ಹೇಳಿದರೂ ತಲೆಯಾಡಿಸುತ್ತಿದ್ದಳು. ಅದನ್ನು ನಾನು ಶಿಷ್ಯೆಯ ಭಕ್ತಿ ಎಂದೇ ತಿಳಿದಿದ್ದೆ.

ಈ ನಡುವೆ ನನಗೊಂದು ಚಟ ಅಂಟಿಕೊಂಡಿತ್ತು. ಎಲ್ಲಿ ಹೂದಾನಿ ಕಂಡರೂ ಅದರ ತಳ ನೋಡದಿದ್ದರೆ ತಳಮಳ! ಸಹೋದ್ಯೋಗಿ ಮಹಾಂತೇಶರ ಗೃಹಪ್ರವೇಶಕ್ಕೆ ಹೋದಾಗ ಹಾಲಿನಲ್ಲಿದ್ದ ಹೂದಾನಿಯನ್ನು ಎತ್ತಿ ತಲೆಕೆಳಗು ಮಾಡಿಯೇಬಿಟ್ಟೆ. ಒಳಗಿದ್ದ ನೀರು, ಗುಲಾಬಿ, ಗುಲಾಬಿಯ ಮುಳ್ಳು ಎಲ್ಲವೂ ಹೊಸ ಸೋಫಾದ ಮೇಲೆ ಕೂತಿದ್ದ ಅವರ ಮಾವನವರ ಮಡಿಲಿಗೆ ಬಿದ್ದವು. ತಳದಲ್ಲಿ ಚೈನಾ ಸ್ಟಿಕ್ಕರ್ ಇತ್ತು. ಮಹಾಂತೇಶರು ಇವತ್ತಿಗೂ ನನ್ನನ್ನು ಮನೆಗೆ ಕರೆದರೆ ಮೊದಲು ಮೇಜು ಖಾಲಿ ಮಾಡುತ್ತಾರೆ.

ಇಂಥ ಹೊತ್ತಿನಲ್ಲಿ ಹರಿಹರದಿಂದ ಕರೆ ಬಂತು. ಕಮಲಕ್ಕ ಎಂದರೆ ಭಾಗ್ಯಳ ದೊಡ್ಡವ್ವ, ಅಂದರೆ ನನ್ನ ಅತ್ತೆಯ ಅಕ್ಕ. ಹೊಳೆಯ ಕಡೆ ಓಣಿಯಲ್ಲಿ ಅವರ ಮನೆ. ಅವರ ಯಜಮಾನರು ಏಕಾಂತಪ್ಪನವರು, ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಮಗ ಗಣೇಶ ಟೈಲ್ಸ್ ಕೆಲಸದ ಗುತ್ತಿಗೆದಾರ. ಆತ ಅವ್ವನಿಗೆ ಹೊಸ ಮಾದರಿಯ ಅಡುಗೆಮನೆ ಮಾಡಿಸಿಕೊಟ್ಟಿದ್ದ. "ಬಂದು ನೋಡಿ, ಉಂಡು ಹೋಗ್ರಿ" ಎಂದು ಕಮಲಕ್ಕ ಕರೆದಿದ್ದರು.

ನೋಡಿದೆವು. ಎಳೆದರೆ ಬರುವ ಡ್ರಾಯರು, ತಳ್ಳಿದರೆ ಮುಚ್ಚುವ ಬಾಗಿಲು. ಕಮಲಕ್ಕನಿಗೆ ಮಾತ್ರ ಅದರ ಮೇಲೆ ಇನ್ನೂ ನಂಬಿಕೆ ಬಂದಿರಲಿಲ್ಲ. ಹಳೆಯ ಸಾಮಾನನ್ನೆಲ್ಲ ಹಿತ್ತಲ ಬಾಗಿಲ ಹತ್ತಿರದ ಕಟ್ಟೆಯ ಮೇಲೆ ಜೋಡಿಸಿ ಅಲ್ಲೇ ಅಡುಗೆ ಮಾಡುತ್ತಿದ್ದರು. ನಾನು ಕೈ ತೊಳೆಯಲು ಹಿತ್ತಲಿಗೆ ಹೋದವನು ಕಟ್ಟೆಯ ಮೇಲೆ ಕಂಡದ್ದನ್ನು ನೋಡಿ ನಲ್ಲಿ ನಿಲ್ಲಿಸುವುದನ್ನೇ ಮರೆತೆ.

ಮೊಣಕೈಯುದ್ದದ ಒಂದು ಹೂದಾನಿ! ಇರುಳಿನಂಥ ಕಡುನೀಲಿ ಮೈ. ಅದರ ತುಂಬ ಬಿರಿದ ದಾಳಿಂಬೆಗಳು. ಬೆರಳಿಟ್ಟರೆ ಗೆರೆ ಕೈಗೆ ತಾಗುತ್ತಿತ್ತು. ಮೂರ್‌ಕ್ರಾಫ್ಟ್ ಎಂದರೆ ಇಂಗ್ಲೆಂಡಿನ ಹೂದಾನಿಗಳಲ್ಲೇ ದೊಡ್ಡ ಹೆಸರು. ಅದರ ಚಿತ್ರಗಳನ್ನು ಮೊಬೈಲಿನಲ್ಲಿ ನೋಡಿ ನೋಡಿ ನನ್ನ ಕಣ್ಣು ಸವೆದಿತ್ತು. ಅದೇ ಈಗ ಹರಿಹರದ ಹಿತ್ತಲಲ್ಲಿ ನಿಂತಿದೆ! ಅದರ ಬಾಯಿಂದ ಸೌಟು, ಜಾಲರಿ, ಲಟ್ಟಣಿಗೆ, ಮುದ್ದೆ ಕೋಲು ಹೊರಗೆ ಇಣುಕುತ್ತಿದ್ದವು.

ಅಲ್ಲೇ ಎತ್ತಿ ತಬ್ಬಿಕೊಳ್ಳಬೇಕೆನ್ನಿಸಿತು. ಆದರೆ ನಾನು ಸಾಮಾನ್ಯನೇ? ಸಂಗ್ರಾಹಕನ ಮೊದಲ ನಿಯಮ: ಬೇಕಾದ ವಸ್ತುವನ್ನು ನೋಡಬಾರದು, ಪಕ್ಕದ ವಸ್ತುವನ್ನು ಹೊಗಳಬೇಕು. ಪಕ್ಕದಲ್ಲಿ ಉಪ್ಪಿನಕಾಯಿ ಜಾಡಿ ಇತ್ತು.

"ಏನ್ ಜಾಡಿ ಅತ್ತಿ ಇದು! ಎಂಥ ಚೆಂದ ಐತೆ!" ಎಂದೆ.

"ಹೌದೇನಪ್ಪಾ?" ಕಮಲಕ್ಕನ ಮುಖ ಅರಳಿತು. "ಅಳಿಯಂದ್ರು ಬಾಯಿಬಿಟ್ಟು ಚೆಂದ ಐತೆ ಅಂದ್ರೆ ಮುಗೀತು. ತಗಂಡು ಹೋಗ್ರಿ."

"ಅಯ್ಯೋ, ಬ್ಯಾಡ ಬ್ಯಾಡ! ಸುಮ್ನೆ ಅಂದೆ."

"ಸುಮ್ನೆ ಯಾಕ ಅಂತೀರಿ? ಒಳಗೆ ಮಾವಿನಕಾಯಿ ಐತೆ. ಅದನ್ನೂ ತಗಳ್ರಿ. ಖಾಲಿ ಜಾಡಿ ಕೊಡಬಾರದು."

ನನಗೆ ಬೇಕಿದ್ದದ್ದು ಹೂದಾನಿ, ಸಿಕ್ಕಿದ್ದು ಮಹಾದಾನಿ!

ಹರಿಹರದಿಂದ ದಾವಣಗೆರೆಯವರೆಗೆ ಆ ಜಾಡಿಯನ್ನು ಸ್ಕೂಟರಿನಲ್ಲಿ ಎರಡು ಕಾಲಿನ ನಡುವೆ ಹಿಡಿದು ತಂದೆ. ಬಾಯಿಗೆ ಬಟ್ಟೆ ಕಟ್ಟಿದ್ದರು, ನಿಜ. ಆದರೆ ನಮ್ಮ ರಸ್ತೆಯ ಉಬ್ಬುಗಳಿಗೆ ಅದು ಗೊತ್ತಿರಬೇಕಲ್ಲ! ಒಂದೊಂದು ಉಬ್ಬಿಗೂ ಒಂದೊಂದು ಸೌಟು ಕೆಂಪು ಎಣ್ಣೆ ಪ್ಯಾಂಟಿನ ಮೇಲೆ ಇಳಿಯಿತು. ಹಿಂದೆ ಕೂತಿದ್ದ ಭಾಗ್ಯ ಮೂಗಿಗೆ ಸೆರಗು ಹಿಡಿದು, "ಇದೇನ್ ಹೊಸ ಚಟ? ನಿಮಗೆ ಉಪ್ಪಿನಕಾಯಿ ಆಗಲ್ಲವಲ್ರೀ!" ಎಂದಳು. ಮರುದಿನ ಕಾರ್ಖಾನೆಗೆ ಅದೇ ಬೂಟು ಹಾಕಿಕೊಂಡು ಹೋದೆ. ಮಧ್ಯಾಹ್ನ ನೋಡಿದರೆ ಇಡೀ ವಿಭಾಗ ಮೊಸರನ್ನದ ಡಬ್ಬಿ ಹಿಡಿದು ನನ್ನ ಮೇಜಿನ ಸುತ್ತ ಕೂತಿತ್ತು!

ಭಾಗ್ಯಳಿಗೆ ಆ ಹೂದಾನಿಯ ನಿಜ ಹೇಳಿದೆ. ಅವಳ ಹುಬ್ಬು ಮೇಲೇರಿತು.

"ಅದರ ಬೆಲೆ ಅಷ್ಟೈತೆ ಅಂದ್ರ, ಹಂಗಂತ ಹೇಳಿ ಕೇಳ್ರಿ. ಸೌಟು ಇಡೋ ಪಿಂಗಾಣಿ ಅದು. ಅದಕ್ಕೇನು ಗುಟ್ಟು?"

"ಬೆಲೆ ಹೇಳಿದರೆ ಯಾರು ಕೊಡ್ತಾರೆ? ಈ ವ್ಯವಹಾರದಾಗೆ ಹಂಗೆಲ್ಲ ಹೇಳಬಾರದು."

"ವ್ಯವಹಾರ ಮಾಡೋದಿದ್ರೆ ಮಸ್ತಾನಸಾಬರ ಹತ್ರ ಮಾಡ್ರಿ. ನಂಗೆ ಜ್ವರ ಬಂದಾಗ ಆಕಿ ಹರಿಹರದಿಂದ ಬಂದು ಹಗಲೂ ರಾತ್ರಿ ಕುಂತಾಕಿ. ಆಕಿಗೆ ಮೋಸ ಮಾಡಿ ತಂದ್ರೆ, ಆ ಪಿಂಗಾಣಿ ಈ ಮನಿಯಾಗಿರ್ತೈತೆ, ನಾನಿರಲ್ಲ."

"ಮೋಸ ಎಲ್ಲಿ? ಬರೀ ಜಾಣತನ."

"ಎರಡೂ ಒಂದೇ ಥರ ಕಾಣ್ತಾವ ನಂಗೆ" ಎಂದು ಆಕೆ ಒಳಗೆ ಹೋದಳು. ಮಾತು ಚುಚ್ಚಿತು. ಆದರೆ ಕಣ್ಣು ಮುಚ್ಚಿದರೆ ದಾಳಿಂಬೆ ಕಾಣುತ್ತಿತ್ತು.

ಜಾಡಿ ತೊಳೆದು ವಾಪಸ್ ಕೊಡುವ ನೆಪದಲ್ಲಿ ಮತ್ತೆ ಹರಿಹರಕ್ಕೆ ಹೋದೆ, ಈ ಸಲ ಒಬ್ಬನೇ. ಮೊದಲು ಮುದ್ರೆ ನೋಡಬೇಕು, ಆಮೇಲೆ ಮುಂದಿನ ಯುದ್ಧತಂತ್ರ. ಕಮಲಕ್ಕ ಚಹಾಕ್ಕೆ ಹಾಲು ತರಲು ಅಂಗಡಿಗೆ ಹೋದರು. ಏಕಾಂತಪ್ಪನವರು ಪಡಸಾಲೆಯಲ್ಲಿ ಪೇಪರ್ ಹಿಡಿದಿದ್ದರು. ನಾನು ಬೆಕ್ಕಿನ ಹೆಜ್ಜೆಯಲ್ಲಿ ಹಿತ್ತಲಿಗೆ ನುಗ್ಗಿದೆ. ಸೌಟುಗಳ ಸಮೇತ ಹೂದಾನಿಯನ್ನು ಎರಡು ಕೈಯಲ್ಲಿ ಎತ್ತಿ, ನಾನೇ ಅದರ ಕೆಳಗೆ ಬಗ್ಗಿ, ಕತ್ತು ತಿರುಚಿ ಮೇಲೆ ನೋಡಿದೆ. ಅಲ್ಲಿತ್ತು! ಒತ್ತಿದ ಅಕ್ಷರ, ಅದರ ಪಕ್ಕ ಬಣ್ಣದಲ್ಲಿ ಬರೆದ ಸಹಿ! ಸಂತೋಷಕ್ಕೆ ಕೈ ನಡುಗಿತು. ಕೈ ನಡುಗಿದ್ದಕ್ಕೆ ಹೂದಾನಿ ವಾಲಿತು. ವಾಲಿದ್ದಕ್ಕೆ ಮೊದಲು ಲಟ್ಟಣಿಗೆ ನನ್ನ ಹಣೆಗೆ, ಆಮೇಲೆ ಜಾಲರಿ ಕಿವಿಗೆ, ಕೊನೆಗೆ ಉಳಿದ ಸೈನ್ಯವೆಲ್ಲ ಕಲ್ಲುಹಾಸಿನ ಮೇಲೆ! ಓಣಿಯ ನಾಯಿಗಳು ಬೊಗಳತೊಡಗಿದವು. ನಾನು ಮಾತ್ರ ಹೂದಾನಿಯನ್ನು ಮಗುವಿನಂತೆ ಎದೆಗವುಚಿಕೊಂಡು ಕೂತಿದ್ದೆ.

ಏಕಾಂತಪ್ಪನವರು ಬಾಗಿಲಲ್ಲಿ ನಿಂತು ನೋಡಿದರು. ಹಾಲಿನ ಪಾಕೀಟು ಹಿಡಿದು ಕಮಲಕ್ಕನೂ ಓಡಿ ಬಂದರು.

"ಏನ್ ಮಾಡಾಕ್ಹತ್ತೀರಪ್ಪಾ?"

"ಸೌಟು... ಸೌಟು ನೋಡ್ತಿದ್ದೆ ಅತ್ತಿ. ಎಂಥ ಸೌಟು! ಇಂಥವು ಈಗೆಲ್ಲಿ ಸಿಗ್ತಾವ?"

ಹೀಗೆ ಹೇಳಿದ್ದಕ್ಕೂ ಒಂದು ಲೆಕ್ಕಾಚಾರವಿತ್ತು. ಹಿಂದಿನ ಸಲ ಜಾಡಿ ಹೊಗಳಿದರೆ ಒಳಗಿದ್ದ ಉಪ್ಪಿನಕಾಯಿಯೂ ಬಂದಿತ್ತು. ಈ ಸಲ ಸೌಟು ಹೊಗಳಿದರೆ ಅದನ್ನು ಇಟ್ಟಿದ್ದ ಪಾತ್ರೆಯೂ ಬರಬೇಕಲ್ಲವೇ?

ಕಮಲಕ್ಕ ನನ್ನ ಹಣೆಯ ಬುಗುಟಿಗೆ ಅರಿಶಿನ ಹಚ್ಚಿದರು. ಆಮೇಲೆ ಸೌಟುಗಳನ್ನು ಒಂದೊಂದಾಗಿ ಒರೆಸಿ, ಹಳೆಯ ಪಂಚೆಯಲ್ಲಿ ಸುತ್ತಿ, ಗಂಟು ಕಟ್ಟಿ ನನ್ನ ಕೈಗಿಟ್ಟರು. "ಪಾಪ, ಭಾಗ್ಯಾ ನಿಮ್ಮನಿಯಾಗೆ ಸೌಟೂ ಇಟ್ಟಿಲ್ಲೇನು?" ಎಂದರು. ಹೂದಾನಿ ನನ್ನ ಎದೆಯಿಂದ ಕಟ್ಟೆಗೆ ಮರಳಿತು, ಖಾಲಿಯಾಗಿ.

ಮನೆಗೆ ಬಂದು ಗಂಟು ಬಿಚ್ಚಿದಾಗ ಭಾಗ್ಯ ನಕ್ಕ ನಗು ಎ ಬ್ಲಾಕಿಗೂ ಕೇಳಿಸಿರಬೇಕು. "ಮುಂದಿನ ಸಲ ಹೋದಾಗ ಒಲೆ ಹೊಗಳ್ರಿ. ಸಿಲಿಂಡರ್ ಕೊಟ್ಟು ಕಳಿಸ್ತಾಳೆ!"

ವಾರದೊಳಗೆ ಕಮಲಕ್ಕ ಭಾಗ್ಯಳಿಗೆ ಫೋನ್ ಮಾಡಿದರು. ಫೋನು ಸ್ಪೀಕರಿನಲ್ಲಿತ್ತು.

"ಹಳೇ ಸಾಮಾನು ಒಯ್ಯಾಕೆ ದಾವಣಗೆರೆಯಿಂದ ಮಸ್ತಾನಸಾಬರು ಟೆಂಪೋ ತಂದಾರವ್ವ. ಹಿತ್ತಲ ಕಟ್ಟಿ ಖಾಲಿ ಮಾಡ್ತೀನಿ. ನಿಂಗೇನಾರ ಬೇಕೇನು? ಹಂಡೆ ಐತೆ, ಒಳ್ಳು ಐತೆ, ಆ ನೀಲಿ ಪಿಂಗಾಣಿ ಐತೆ..."

ಮಸ್ತಾನಸಾಬರಿಗೆ ನನ್ನ ಹುಚ್ಚು ಗೊತ್ತು. ಅವರ ಕೈಗೆ ಹೋದರೆ ಆ ಹೂದಾನಿಯನ್ನು ಬಿಡಿಸಿಕೊಳ್ಳಲು ನಾನು ಸ್ಕೂಟರ್ ಮಾರಬೇಕು. ಬೇಕು ಎಂದು ಬಾಯಿಬಿಟ್ಟು ಹೇಳಿದರೆ ಇಷ್ಟು ದಿನದ ಜಾಣತನ ಬಯಲಾಗುತ್ತದೆ. ಭಾಗ್ಯಳ ಕೈಯಿಂದ ಫೋನ್ ಕಿತ್ತುಕೊಂಡೆ.

"ಅತ್ತಿ! ಆ ನೀಲಿದು ಯಾರಿಗೂ ಕೊಡಬ್ಯಾಡ್ರಿ!"

"ಯಾಕಪ್ಪಾ?"

"ಯಾಕ ಅಂದ್ರೆ... ಅದರಾಗೆ ಹೂವಿನ ಗಿಡ ಹಾಕಿದ್ರೆ ಭಾಳ ಚೆಂದ ಕಾಣ್ತೈತೆ!"

ಆ ಕಡೆಯಿಂದ ಕಮಲಕ್ಕ, "ಹೂಂ, ಖರೇನ. ನಂಗೆ ಹೊಳೆದಿರ್ಲಿಲ್ಲ ನೋಡ್ರಿ" ಎಂದರು. ನಾನು ಫೋನ್ ಇಟ್ಟು ಬೆವರು ಒರೆಸಿಕೊಂಡೆ. ಗಿಡ ಹಾಕಿದರೆ ಹಾಕಲಿ, ಮಣ್ಣು ತೊಳೆದರೆ ಹೋಗುತ್ತದೆ. ಹೂದಾನಿ ಉಳಿಯಿತಲ್ಲ! ನನ್ನ ಸಮಯಸ್ಫೂರ್ತಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮುಂದಿನ ಭಾನುವಾರ ನಮ್ಮ ಮನೆಯ ಮುಂದೆ ಗಣೇಶನ ವ್ಯಾನು ನಿಂತಿತು. ಗಣೇಶ ಇಳಿದ, ಏಕಾಂತಪ್ಪನವರು ಇಳಿದರು, ಕೊನೆಗೆ ಕಮಲಕ್ಕ ಇಳಿದರು. ಅವರ ತೋಳಿನಲ್ಲಿ ಕಡುನೀಲಿ ಹೂದಾನಿ! ಅದರಿಂದ ಒಂದು ಮಲ್ಲಿಗೆ ಗಿಡ ತಲೆ ಎತ್ತಿ ನಿಂತಿತ್ತು. ನನ್ನ ಕಾಲು ನೆಲದ ಮೇಲಿರಲಿಲ್ಲ.

"ತಗಳ್ರಿ, ನಿಮಗೇ ತಂದೀನಿ" ಎಂದು ಕಮಲಕ್ಕ ನನ್ನ ಕೈಗೆ ಕೊಟ್ಟರು. "ನೀವು ಅದನ್ನ ನೋಡೋದು ನಂಗೆ ಮೊದಲನೇ ದಿನಾನೇ ಗೊತ್ತಾತು. ನಲ್ಲಿ ಬಿಟ್ಕಂಡು ಅದನ್ನೇ ನೋಡ್ಕಂತ ನಿಂತಿದ್ರಿ. ಬೇಕು ಅಂತ ಒಂದ್ ಮಾತು ಅಂದಿದ್ರ ಅವತ್ತೇ ಕೊಡ್ತಿದ್ದೆ. ನೀವೋ ಜಾಡಿ ಅಂದ್ರಿ, ಸೌಟು ಅಂದ್ರಿ. ಸಂಕೋಚದೋರು ಪಾಪ."

ಭಾಗ್ಯ ನನ್ನನ್ನು ನೋಡಿದಳು. ನಾನು ಮಲ್ಲಿಗೆಯನ್ನು ನೋಡಿದೆ.

ಆಗ ಪಾದದ ಮೇಲೆ ತಣ್ಣಗೆ ಏನೋ ಬಿತ್ತು. ಟಪ್. ಮತ್ತೆ ಟಪ್. ಕೆಳಗೆ ನೋಡಿದೆ. ನೀರು. ಮೇಲೆ ನೋಡಿದೆ. ಹೂದಾನಿ. ನಿಧಾನವಾಗಿ ಅದನ್ನು ತಲೆಗಿಂತ ಮೇಲೆ ಎತ್ತಿ ತಳ ನೋಡಿದೆ.

ತಳದ ನಟ್ಟ ನಡುವೆ ಹೆಬ್ಬೆರಳು ಹೋಗುವಂಥ ದುಂಡನೆಯ ತೂತು! ಒತ್ತಿದ ಅಕ್ಷರವಿಲ್ಲ, ಸಹಿಯ ಬಾಲ ಮಾತ್ರ ಒಂದು ಅಂಚಿನಲ್ಲಿ ಉಳಿದಿದೆ!

"ನೀರು ನಿಂತ್ರೆ ಬೇರು ಕೊಳೀತಾವಲ್ರೀ" ಎಂದರು ಕಮಲಕ್ಕ. "ಅದಕ್ಕ ಗಣೇಶನ ಕೈಲಿ ಡ್ರಿಲ್ ಹೊಡೆಸೀನಿ."

"ಟೈಲ್ಸ್ ಕೊರೆಯೋ ಡ್ರಿಲ್ ಬಿಟ್ ಭಾವ" ಎಂದ ಗಣೇಶ ಹೆಮ್ಮೆಯಿಂದ. "ನೀರು ಹಾಕ್ಕಂತ ಮೆಲ್ಲಗೆ ಕೊರೆದೀನಿ. ಎಲ್ಲೂ ಚೂರು ಎದ್ದಿಲ್ಲ ನೋಡ್ರಿ, ಫಿನಿಶಿಂಗ್!"

ನನ್ನ ಬಾಯಿಂದ ಹೊರಟದ್ದು ಮಾತಲ್ಲ, ಕೂಗು. "ಅಯ್ಯೋ ಅತ್ತೀ! ಏನ್ ಮಾಡಿದ್ರಿ! ಇದು ಗಿಡದ ಕುಂಡ ಅಲ್ರೀ! ಇಂಗ್ಲೆಂಡಿನಾಗೆ ಇದಕ್ಕೆ ಎಂಥ ಬೆಲೆ ಐತೆ ಗೊತ್ತೇನು? ಆ ಮುದ್ರೆಗೇ ಬೆಲೆ! ಅದಕ್ಕೇ ನಾನು ಇಷ್ಟು ದಿನ ನಿಮ್ಮನಿಗೆ ತಿರುಗಿದ್ದು!"

ಹೇಳಿದ ಮೇಲೆ ಗೊತ್ತಾಯಿತು, ಎಲ್ಲವನ್ನೂ ಹೇಳಿಬಿಟ್ಟಿದ್ದೆ.

ಕಮಲಕ್ಕ ಮೆಲ್ಲಗೆ ಕುರ್ಚಿಯಲ್ಲಿ ಕೂತರು. ನನ್ನ ಮೇಲೆ ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಅವರು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು.

"ನಮ್ಮ ಮಾವನೋರು ರೈಲ್ವೆ ದೊರೆ ಬಂಗಲೇನಾಗೆ ಅಡಿಗಿ ಮಾಡ್ತಿದ್ರು" ಎಂದರು. "ದೊರೆ ಊರಿಗೆ ಹೋಗೋವಾಗ ಕೈಯಾರೆ ಕೊಟ್ಟು ಹೋದ್ನಂತೆ. ಮಾವನೋರು ಸಾಯೋತನಕ ದಿನಾ ಒರೆಸಿ ಇಡ್ತಿದ್ರು. ನಂಗೇನ್ ಗೊತ್ತಿತ್ತಪ್ಪಾ? ಸೌಟು ಇಟ್ಟೆ. ಈಗ ತೂತು ಹಾಕ್ಸಿ ಹಾಳು ಮಾಡಿದೆ." ಅವರ ಕಣ್ಣು ತುಂಬಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಗಣೇಶನ ಮುಖ ಸಣ್ಣದಾಯಿತು. ಏಕಾಂತಪ್ಪನವರು ಎಂದೂ ಮಾತಾಡದವರು, "ಇರ್ಲಿ ಬಿಡು, ಕಮಲಾ" ಎಂದರು. ಅದನ್ನು ಕೇಳಿ ಕಮಲಕ್ಕ ಇನ್ನೂ ಅತ್ತರು.

ಭಾಗ್ಯ ನನ್ನನ್ನು ನೋಡಿದ ನೋಟದಲ್ಲಿ ಡ್ರಿಲ್ಲಿನ ಮೊನೆಯಿತ್ತು. ಆದರೆ ಅವಳು ನೋಡುವ ಮೊದಲೇ ನನಗೆ ನಾಚಿಕೆಯಾಗಿತ್ತು. ಕೇಳದೆಯೇ ಉಪ್ಪಿನಕಾಯಿ ಕೊಟ್ಟವರು, ಹಣೆಗೆ ಅರಿಶಿನ ಹಚ್ಚಿದವರು, ಖಾಲಿ ಕೊಡಬಾರದೆಂದು ಗಿಡ ನೆಟ್ಟು ತಂದವರು. ಅವರನ್ನು ನನ್ನ ಮನೆಯ ಕುರ್ಚಿಯಲ್ಲಿ ಕೂರಿಸಿ ಅಳಿಸುತ್ತಿದ್ದೇನೆ! ಅದೂ ಒಂದು ಪಿಂಗಾಣಿಗೆ!

ಆ ಗಳಿಗೆಯಲ್ಲಿ ನನಗೆ ದಿವ್ಯವಾದ ಒಂದು ಸುಳ್ಳು ಹೊಳೆಯಿತು.

"ಅತ್ತಿ, ನೀವು ನನ್ನ ಮಾತು ಪೂರ್ತಿ ಕೇಳ್ಲಿಲ್ಲ" ಎಂದೆ ದೊಡ್ಡದಾಗಿ ನಗುತ್ತ. "ನಾನು ಕೂಗಿದ್ದು ಸಂತೋಷಕ್ಕೆ! ತೂತು ಬಿದ್ದಿದ್ದಕ್ಕೆ ಇದರ ಬೆಲೆ ಜಾಸ್ತಿ ಆತು!"

ಕಮಲಕ್ಕ ಸೆರಗು ಸರಿಸಿದರು. "ಏನಂದ್ರಿ?"

"ಹೂಂ! ತಳ ಗಟ್ಟಿ ಇದ್ರೆ ಅದು ಬರೇ ಪಾತ್ರೆ. ತಳದಾಗೆ ತೂತಿದ್ರೆ ಅದು ಕಲೆ. ಇಂಗ್ಲೆಂಡಿನಾಗೆ ದೊಡ್ಡ ದೊಡ್ಡ ಶ್ರೀಮಂತರು ಮೊದಲು ತೂತೇ ನೋಡೋದು. ತೂತಿಲ್ಲ ಅಂದ್ರೆ ಮುಟ್ಟಲ್ಲ!"

"ಖರೇನ?"

"ಖರೇ ಅಂದ್ರೆ ಖರೇ. ಅದೂ ಇಷ್ಟು ದುಂಡಗೆ, ಚೂರು ಏಳದಂಗೆ! ಗಣೇಶಾ, ಇಂಥ ಕೈ ಅಲ್ಲಿ ಯಾರಿಗೂ ಇಲ್ಲಪ್ಪಾ!"

ಗಣೇಶನ ಎದೆ ಮತ್ತೆ ಉಬ್ಬಿತು. ಕಮಲಕ್ಕ ಕಣ್ಣೊರೆಸಿಕೊಂಡು, "ನೋಡ್ದಿ ಏನೇ ಭಾಗ್ಯಾ, ನನ್ನ ಜೀವಾನೇ ಹೋಗಿತ್ತು" ಎಂದು ನಕ್ಕರು. ಎಲ್ಲರೂ ಕೂತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದೆವು. ನೀಲಿ ಹೂದಾನಿ ಒಂದು ತಟ್ಟೆಯ ಮೇಲೆ ಮಲ್ಲಿಗೆ ಹೊತ್ತು ಟಪ್ ಟಪ್ ಎನ್ನುತ್ತಿತ್ತು. ನನ್ನ ಎದೆಯೂ ಒಳಗೊಳಗೆ ಟಪ್ ಟಪ್ ಎನ್ನುತ್ತಿತ್ತು.

ಅವರು ಹೋದ ಮೇಲೆ ಭಾಗ್ಯಳಿಗೆ ನಿಜ ಹೇಳಬೇಕೆಂದಿದ್ದೆ. ಆದರೆ ಆಕೆ ಬಾಗಿಲು ಹಾಕಿಕೊಂಡು ಬಂದು, "ಬಿರುಕಿಗೆ ಬೆಲೆ ಅಂದ್ರಿ, ಸೊಟ್ಟಕ್ಕೆ ಬೆಲೆ ಅಂದ್ರಿ, ತೂತಿನ ವಿಷಯ ಮಾತ್ರ ನಂಗೂ ಹೇಳಿರ್ಲಿಲ್ಲ. ಎಷ್ಟೆಲ್ಲ ತಿಳಕಂಡೀರಿ!" ಎಂದಳು. ಗಣಿತದ ಟೀಚರಿನ ಬಾಯಿಂದ ಅಂಥ ಮೆಚ್ಚುಗೆ ಬರುವುದು ಹುಣ್ಣಿಮೆಗೊಮ್ಮೆ ಅಲ್ಲ, ಗ್ರಹಣಕ್ಕೊಮ್ಮೆ. ಬಿಟ್ಟುಕೊಡಲು ಮನಸ್ಸು ಬರಲಿಲ್ಲ. "ಹೂಂ, ಅದೊಂದು ದೊಡ್ಡ ಶಾಸ್ತ್ರ" ಎಂದು ಸುಮ್ಮನಾದೆ.

ಗುರುವಾರ ಸಂಜೆ ಕಾರ್ಖಾನೆಯಿಂದ ಬಂದಾಗ ಬಾಗಿಲಲ್ಲಿ ಮೂರು ಜೊತೆ ಚಪ್ಪಲಿ ಇದ್ದವು. ಒಳಗಿಂದ ದಂತವೈದ್ಯರ ಕೋಣೆಯಲ್ಲಿ ಬರುವಂಥ ಗುಂಯ್ ಎಂಬ ಸದ್ದು ಬಂತು, ನಿಂತಿತು. ನಾನು ಹೊಸ್ತಿಲು ದಾಟಿದೆ.

ಶೋಕೇಸಿನ ಬಾಗಿಲು ತೆರೆದಿತ್ತು. ಒಳಗೆ ಏನೂ ಇರಲಿಲ್ಲ. ಹಾಲಿನ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಅದರ ಮೇಲೆ ನನ್ನ ಹೂದಾನಿಗಳನ್ನು ಸಾಲಾಗಿ ಬೋರಲು ಹಾಕಿದ್ದರು. ಪ್ರತಿಯೊಂದರ ತಳದಲ್ಲೂ ದುಂಡನೆಯ ತೂತು. ಗಣೇಶ ಮಂಡಿಯೂರಿ ಕೂತು ಡ್ರಿಲ್ಲಿನ ಮೊನೆ ಒರೆಸುತ್ತಿದ್ದ. ಏಕಾಂತಪ್ಪನವರು ನೀರಿನ ಮಗ್ಗು ಹಿಡಿದಿದ್ದರು. ಭಾಗ್ಯ ಚಹಾ ಸೋಸುತ್ತಿದ್ದಳು.

"ಬರ್ರಿ, ಬರ್ರಿ!" ಕಮಲಕ್ಕ ಎದ್ದು ನಿಂತರು. ಅವರ ಮುಖದಲ್ಲಿ ಹಬ್ಬವಿತ್ತು. "ಅವತ್ತು ಶೋಕೇಸಿನಾಗಿನವು ಎತ್ತಿ ನೋಡಿದೆ, ಒಂದಕ್ಕೂ ತೂತಿರ್ಲಿಲ್ಲ. ಅಳಿಯಂದ್ರು ಸಂಕೋಚದೋರು, ಬಾಯಿಬಿಟ್ಟು ಕೇಳಲ್ಲ. ನಾವೇ ಹೋಗಿ ಮಾಡಿಕೊಡಾಣ ಅಂತ ಗಣೇಶನ ಕೆಲಸ ಬಿಡಿಸಿ ಕರ್ಕಂಡು ಬಂದೆ."

ನಾನು ಭಾಗ್ಯಳ ಕಡೆ ತಿರುಗಿದೆ. ಆಕೆಯ ಮುಖದಲ್ಲಿ ಕುಹಕವಿರಲಿಲ್ಲ, ಶುದ್ಧವಾದ ಸಂತೋಷವಿತ್ತು. "ನಿಮಗೆ ಆಶ್ಚರ್ಯ ಆಗ್ಲಿ ಅಂತ ಹೇಳ್ಲಿಲ್ಲ" ಎಂದಳು.

ಆಶ್ಚರ್ಯವಾಯಿತು. ಗೋಡೆ ಹಿಡಿದು ನಿಂತೆ. ಕೂಗೋಣವೆಂದರೆ ಎದುರಿಗೆ ಕಮಲಕ್ಕನ ಆ ಮುಖ. ನಾಲ್ಕು ದಿನದ ಹಿಂದೆ ಅತ್ತಿದ್ದ ಕಣ್ಣುಗಳು ಈಗ ನನ್ನ ಒಂದು ಮಾತಿಗೆ ಕಾಯುತ್ತಿದ್ದವು.

"ಭಾಳ... ಭಾಳ ಚೆಂದ ಆಗೈತೆ ಅತ್ತಿ" ಎಂದೆ.

"ಹೇಳ್ಲಿಲ್ಲೇನು ನಾನು!" ಎಂದು ಅವರು ಏಕಾಂತಪ್ಪನವರಿಗೆ ಹೇಳಿದರು. ಅವರು ಮಗ್ಗು ಕೆಳಗಿಟ್ಟು ತೃಪ್ತಿಯಿಂದ ತಲೆಯಾಡಿಸಿದರು.

ನನಗೆ ಒಂದೇ ಒಂದು ಸಮಾಧಾನ ಉಳಿದಿತ್ತು. ಅಂಗೈಯೆತ್ತರದ ನವಿಲು ಬಣ್ಣದ ಪುಟ್ಟ ಹೂದಾನಿಯೊಂದನ್ನು ಹೋದ ತಿಂಗಳು ಯಾರಿಗೂ ಹೇಳದೆ ತರಿಸಿ, ಬೆಡ್‌ರೂಮಿನ ಬೀರುವಿನಲ್ಲಿ ಭಾಗ್ಯಳ ರೇಷ್ಮೆ ಸೀರೆಗಳ ಹಿಂದೆ ಬಚ್ಚಿಟ್ಟಿದ್ದೆ. ನನ್ನ ಇಡೀ ಸಂಗ್ರಹದಲ್ಲಿ ಅದರಷ್ಟು ಅಪರೂಪದ್ದು ಇನ್ನೊಂದಿಲ್ಲ. ನನ್ನ ಕಣ್ಣು ತಾನಾಗಿ ಬೆಡ್‌ರೂಮಿನ ಬಾಗಿಲ ಕಡೆ ಹೋಯಿತು.

ಭಾಗ್ಯ ಅದನ್ನು ಗಮನಿಸಿ ಮುಗುಳ್ನಕ್ಕಳು. "ಸೀರೆ ಹಿಂದಿಂದು ನಂಗೆ ಗೊತ್ತಿಲ್ಲ ಅಂತ ತಿಳಕಂಡಿದ್ರೇನು?"

ಗಣೇಶ ತನ್ನ ಚೀಲದ ಪಕ್ಕದಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಪುಟ್ಟ ಗಂಟನ್ನು ಎರಡು ಕೈಯಲ್ಲಿ ಎತ್ತಿ, ಪ್ರಸಾದ ಕೊಡುವಂತೆ ನನ್ನ ಮುಂದೆ ಹಿಡಿದ.

"ಇದರ ಮ್ಯಾಲೆ ನಿಮ್ಮ ಜೀವ ಐತೆ ಅಂತ ಅಕ್ಕ ಹೇಳಿದ್ಲು ಭಾವ. ಅದಕ್ಕ, ಇದಕ್ಕೊಂದಕ್ಕೆ ಮಾತ್ರ ಎರಡು ತೂತು ಹಾಕೀನಿ."